ಎಮ್ಮೆಕರು ಸಾಕುವ ಧೈರ್ಯ ಕೊಟ್ಟವರು: ತ್ರಿಭುವನ್‌ದಾಸ್ ಪಟೇಲ್



2024ರ ಮಾರ್ಚ್‌ನಲ್ಲಿ ನಮ್ಮ ಮಿಚಿಗನ್ ಕನ್ನಡಿಗರ ನಡುವೆ ಒಂದು ಸುದ್ದಿ ಓಡಾಡಿದ್ದು ನಿಮಗೆ ನೆನಪಿರಬಹುದು. ಅಮುಲ್ ಸಂಸ್ಥೆ ಅಮೆರಿಕದಲ್ಲಿ ತಾಜಾ ಹಾಲು ಮಾರಲಿದೆ, ಅದಕ್ಕಾಗಿ ಮಿಚಿಗನ್ ಮಿಲ್ಕ್ ಪ್ರೊಡ್ಯೂಸರ್ಸ್ ಅಸೋಸಿಯೇಶನ್ ಜೊತೆ ಕೈಜೋಡಿಸಿದೆ ಎಂಬ ಸುದ್ದಿ. ಗಟ್ಟಿ ಮೊಸರಿನ ಆಸೆಗೆ ಬಿದ್ದು ನಾವೆಲ್ಲ ಖುಷಿಪಟ್ಟೆವು. ಆ ಮಿಚಿಗನ್ ಸಂಸ್ಥೆಯೂ ಹಾಲು ಕರೆಯುವ ರೈತರದ್ದೇ, 1916ರಲ್ಲಿ ಈಸ್ಟ್ ಲ್ಯಾನ್ಸಿಂಗ್‌ನಲ್ಲಿ ಹುಟ್ಟಿದ್ದು. ಅದೇ ಊರಿನ ಮಿಚಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ 1940ರ ದಶಕದಲ್ಲಿ ವರ್ಗೀಸ್ ಕುರಿಯನ್ ಓದಿದ್ದರು. ಅಮುಲ್ ಎಂದೊಡನೆ ನಮಗೆ ನೆನಪಾಗುವುದು ಅವರದೇ ಹೆಸರು. ಆದರೆ ಕುರಿಯನ್ ಅವರನ್ನು ಕೆಲಸಕ್ಕೆ ಕರೆದವರು, ಅವರು ಕೇಳಿದ ಯಂತ್ರಕ್ಕೆ ಸಾಲ ಎತ್ತಿ ತಂದವರು, ಕುರಿಯನ್ ಆನಂದ್‌ಗೆ ಕಾಲಿಡುವ ಮೊದಲೇ ಹಳ್ಳಿ ಹಳ್ಳಿ ತಿರುಗಿ ಸಂಘ ಕಟ್ಟಿದವರು ಬೇರೊಬ್ಬರು. ಇವತ್ತು ಅವರ ಬಗ್ಗೆ ನಾಲ್ಕು ಮಾತು.

ಅದಕ್ಕೆ ಮೊದಲು ನನ್ನ ಮನೆಯ ಒಂದು ಸಣ್ಣ ಸಂಗತಿ ಹೇಳಿಬಿಡುತ್ತೇನೆ. ನಾನು ಚಿಕ್ಕವನಾಗಿದ್ದಾಗ ನಮ್ಮ ಕೊಟ್ಟಿಗೆಯಲ್ಲಿ ಇದ್ದದ್ದು ಒಂದೇ ಎಮ್ಮೆ. ಹಾಲನ್ನು ಪಕ್ಕದ ಊರಿನ ಒಂದು ಹೋಟೆಲಿಗೆ ಹಾಕುತ್ತಿದ್ದೆವು. ಆ ಹೋಟೆಲಿನವರು ಬೇಡಿಕೆ ಇದ್ದಾಗ ಇನ್ನೂ ಒಂದು ಲೀಟರ್ ತನ್ನಿ ಎನ್ನುವರು, ಮಳೆ ಹಿಡಿದು ಗಿರಾಕಿ ಕಡಿಮೆಯಾದಾಗ ಇವತ್ತು ಅರ್ಧ ಸಾಕು ಎಂದು ಕ್ಯಾನನ್ನು ವಾಪಸು ಕಳಿಸುವರು. ದುಡ್ಡು ಯಾವಾಗ ಬರುತ್ತದೆಂದು ಅವರಿಗೇ ಗೊತ್ತಿರುತ್ತಿರಲಿಲ್ಲ. ಎಮ್ಮೆ ಹೆಣ್ಣುಕರು ಹಾಕಿದರೂ ಅಜ್ಜಿ ಅದನ್ನು ಸಂತೆಗೆ ಹೊಡೆಸಿಬಿಡುತ್ತಿದ್ದರು. ಊರಿಗೆ ಡೈರಿ ಬಂದ ಮೇಲೆ, ಎರಡು ಬಟವಾಡೆ ಕೈಗೆ ಬಂದದ್ದನ್ನು ನೋಡಿದ ಮೇಲೆ, ಅದೇ ಅಜ್ಜಿ ಮುಂದಿನ ಹೆಣ್ಣುಕರುವನ್ನು ಮಾರಲು ಬಿಡಲಿಲ್ಲ. ಎಮ್ಮೆಯ ಕರು ಬೆಳೆದು, ಗಬ್ಬವಾಗಿ, ಈದು, ಹಾಲು ಕೊಡುವ ಹೊತ್ತಿಗೆ ಮೂರೂವರೆ ನಾಲ್ಕು ವರ್ಷ ಆಗಿಹೋಗುತ್ತದೆ. ಅಲ್ಲಿಯವರೆಗೂ ಹುಲ್ಲು, ಹಿಂಡಿ, ಬೂಸಾ ಎಲ್ಲ ಕೈಯಿಂದಲೇ. ಅಂದರೆ ಇವತ್ತು ಒಂದು ಕರುವನ್ನು ಉಳಿಸಿಕೊಳ್ಳುವ ಹೆಂಗಸು ನಾಲ್ಕು ವರ್ಷದ ನಂತರವೂ ಹಾಲು ಕೊಳ್ಳುವವನು ಇದ್ದೇ ಇರುತ್ತಾನೆಂದು ನಂಬಿದ್ದಾಳೆ. ಸಣ್ಣ ರೈತನ ಬಂಡವಾಳದ ಲೆಕ್ಕವೆಲ್ಲ ನಿಂತಿರುವುದು ಈ ನಂಬಿಕೆಯ ಮೇಲೆ. ತ್ರಿಭುವನ್‌ದಾಸ್ ಪಟೇಲರ ಜೀವನವನ್ನು ಓದುವಾಗಲೆಲ್ಲ ನನಗೆ ಅಜ್ಜಿಯ ಆ ಕರು ಕಣ್ಣ ಮುಂದೆ ಬರುತ್ತದೆ.

ತ್ರಿಭುವನ್‌ದಾಸ್ ಕಿಶಿಭಾಯಿ ಪಟೇಲ್ ಹುಟ್ಟಿದ್ದು 1903ರ ಅಕ್ಟೋಬರ್ 22ರಂದು, ಗುಜರಾತಿನ ಖೇಡಾ ಜಿಲ್ಲೆಯ ಆನಂದ್‌ನಲ್ಲಿ. ಬ್ರಿಟಿಷರ ಬಾಯಲ್ಲಿ ಖೇಡಾ ಕೈರಾ ಆಗಿತ್ತು. 1918ರಲ್ಲಿ ಬೆಳೆ ಹಾಳಾಗಿ ಕಂದಾಯ ಕಟ್ಟಲಾಗದ ಇದೇ ಜಿಲ್ಲೆಯ ರೈತರ ಪರವಾಗಿ ಗಾಂಧೀಜಿ ಮತ್ತು ವಲ್ಲಭಭಾಯಿ ಪಟೇಲರು ಸತ್ಯಾಗ್ರಹ ನಡೆಸಿದಾಗ ತ್ರಿಭುವನ್‌ದಾಸರು ಇನ್ನೂ ಹುಡುಗ. ಆ ಗಾಳಿ ಅವರಿಗೂ ಸೋಕಿತು. ಮುಂದೆ 1930, 1935 ಮತ್ತು 1942ರಲ್ಲಿ ಸೆರೆಮನೆ ಕಂಡರು. ಸರ್ದಾರ್ ಪಟೇಲರ ಊರು ಕರಮಸದ್ ಆನಂದ್‌ಗೆ ಕೂಗಳತೆಯ ದೂರ. ಸರ್ದಾರರಿಗೆ ಈ ಮನುಷ್ಯ ಚೆನ್ನಾಗಿ ಗೊತ್ತಿದ್ದ, ಹಳ್ಳಿಯವರಿಗೂ ಗೊತ್ತಿದ್ದ. ಮುಂದೆ ಕೆಲಸಕ್ಕೆ ಬಂದದ್ದು ಇದೇ.

ಆ ಕಾಲದಲ್ಲಿ ಬೆಣ್ಣೆ ಎಂದರೆ ಪೋಲ್ಸನ್. ನಮ್ಮ ಹಿರಿಯರಲ್ಲಿ ಕೆಲವರಿಗೆ ಆ ಉಪ್ಪು ಬೆಣ್ಣೆಯ ಡಬ್ಬಿ ನೆನಪಿರಲೂಬಹುದು. ಪೆಸ್ತನ್‌ಜಿ ಎಂಬ ಪಾರ್ಸಿ ವ್ಯಾಪಾರಿಯ ಈ ಕಂಪನಿ 1930ರ ಹೊತ್ತಿಗೆ ಆನಂದ್‌ನಲ್ಲಿ ದೊಡ್ಡ ಡೈರಿ ತೆರೆದಿತ್ತು. 1945ರಲ್ಲಿ ಮುಂಬಯಿ ಸರ್ಕಾರ ನಗರಕ್ಕೆ ಒಳ್ಳೆಯ ಹಾಲು ಒದಗಿಸಲೆಂದು ಬಾಂಬೆ ಮಿಲ್ಕ್ ಸ್ಕೀಮ್ ಶುರುಮಾಡಿತು. ಆನಂದ್‌ನಿಂದ ಮುಂಬಯಿಗೆ 400 ಕಿಲೋಮೀಟರ್‌ಗೂ ಹೆಚ್ಚು ದೂರ. ಅಷ್ಟು ದೂರ ಹಾಲು ಕೆಡದಂತೆ ಸಾಗಿಸಬಲ್ಲ ಯಂತ್ರ ಇದ್ದದ್ದು ಪೋಲ್ಸನ್ ಬಳಿ. ಹಾಗಾಗಿ ಸುತ್ತಲ ಹಳ್ಳಿಗಳ ಹಾಲು ಕೊಳ್ಳುವ ಏಕಸ್ವಾಮ್ಯವನ್ನು ಸರ್ಕಾರ ಆ ಕಂಪನಿಗೇ ಕೊಟ್ಟುಬಿಟ್ಟಿತು. ಕಂಪನಿಗೂ ರೈತನಿಗೂ ನಡುವೆ ಗುತ್ತಿಗೆದಾರರು. ಮುಂಬಯಿಯವರಿಗೆ ಹಾಲು ಸಿಕ್ಕಿತು, ಕಂಪನಿಗೆ ಲಾಭ ಸಿಕ್ಕಿತು, ಗುತ್ತಿಗೆದಾರರಿಗೆ ಕಮಿಷನ್ ಸಿಕ್ಕಿತು. ಎಮ್ಮೆ ಮೇಯಿಸಿದವನಿಗೆ ಮಾತ್ರ ಹಳೆಯ ದರವೇ. ಹಾಲು ಮಧ್ಯಾಹ್ನದ ಹೊತ್ತಿಗೆ ಒಡೆಯುವ ಸರಕು. ಕೊಳ್ಳುವವನು ಒಬ್ಬನೇ ಆದಾಗ ಚೌಕಾಸಿಗೆ ಎಡೆಯೆಲ್ಲಿ?

ರೈತರು ಸರ್ದಾರರ ಬಳಿ ಹೋದರು. ನಿಮ್ಮ ಹಾಲನ್ನು ನಿಮ್ಮದೇ ಸಹಕಾರ ಸಂಘದ ಮೂಲಕ ಮಾರಿ, ಸಂಸ್ಕರಿಸುವ ಡೈರಿಯೂ ನಿಮ್ಮದೇ ಆಗಿರಲಿ ಎಂಬುದು 1942ರಿಂದಲೂ ಸರ್ದಾರರ ಸಲಹೆಯಾಗಿತ್ತು. ಸರ್ಕಾರ ಒಪ್ಪದಿದ್ದರೆ ಹಾಲು ಕೊಡುವುದನ್ನೇ ನಿಲ್ಲಿಸಬೇಕು, ಅದರಿಂದಾಗುವ ನಷ್ಟಕ್ಕೆ ಸಿದ್ಧರಿರಬೇಕು ಎಂದೂ ಅವರು ಎಚ್ಚರಿಸಿದ್ದರು. ಅವರು ಕಳಿಸಿದ ಮೊರಾರ್ಜಿ ದೇಸಾಯಿಯವರ ಸಮ್ಮುಖದಲ್ಲಿ 1946ರ ಜನವರಿ 4ರಂದು ಸಮರ್ಖಾ ಎಂಬ ಹಳ್ಳಿಯಲ್ಲಿ ಸಭೆ ಸೇರಿತು. ಹಳ್ಳಿಗೊಂದು ಹಾಲು ಉತ್ಪಾದಕರ ಸಂಘ, ಅವೆಲ್ಲ ಸೇರಿ ಆನಂದ್‌ನಲ್ಲಿ ಒಂದು ಒಕ್ಕೂಟ, ಸರ್ಕಾರ ಹಾಲು ಕೊಳ್ಳುವುದಾದರೆ ಆ ಒಕ್ಕೂಟದಿಂದ ಮಾತ್ರ ಎಂದು ತೀರ್ಮಾನವಾಯಿತು. ಹೊಣೆ ಬಿದ್ದದ್ದು ತ್ರಿಭುವನ್‌ದಾಸರ ಹೆಗಲಿಗೆ.

ಸರ್ಕಾರ ಒಪ್ಪಲಿಲ್ಲ. ಮುಷ್ಕರ ಶುರುವಾಯಿತು. ಹದಿನೈದು ದಿನ ಖೇಡಾದಿಂದ ಒಂದು ತೊಟ್ಟು ಹಾಲೂ ವ್ಯಾಪಾರಿಗಳಿಗೆ ಹೋಗಲಿಲ್ಲ. ಹತ್ತಿ ಅಥವಾ ಹೊಗೆಸೊಪ್ಪಾದರೆ ಗೋದಾಮಿನಲ್ಲಿಟ್ಟು ಕಾಯಬಹುದು. ಹಾಲನ್ನು ಹಾಗೆ ಇಡಲಾದೀತೇ? ಎಮ್ಮೆಯನ್ನು ದಿನಕ್ಕೆರಡು ಸಲ ಕರೆಯಲೇಬೇಕು. ಒಂದೆರಡು ಎಮ್ಮೆ ಬಿಟ್ಟು ಬೇರೇನೂ ಇಲ್ಲದ ಮನೆಗೆ ಹದಿನೈದು ದಿನದ ಸಂಪಾದನೆ ಬಿಡುವುದೆಂದರೆ ಸಣ್ಣ ಮಾತಲ್ಲ. ಕೊನೆಗೆ ಮುಂಬಯಿಯ ಮಿಲ್ಕ್ ಕಮಿಷನರ್ ಆಗಿದ್ದ ಇಂಗ್ಲಿಷ್ ಅಧಿಕಾರಿ ಆನಂದ್‌ಗೆ ಬಂದು ನೋಡಿ ರೈತರ ಬೇಡಿಕೆಗೆ ಒಪ್ಪಿದರು.

ಕಷ್ಟದ ಕೆಲಸ ಶುರುವಾದದ್ದು ಆಮೇಲೆ. ಮುಷ್ಕರದ ಹುಮ್ಮಸ್ಸು ಹದಿನೈದು ದಿನ ಇರುತ್ತದೆ, ಸಂಘವನ್ನು ವರ್ಷಗಟ್ಟಲೆ ನಡೆಸಬೇಕು. ತ್ರಿಭುವನ್‌ದಾಸರು ಹಳ್ಳಿಯಿಂದ ಹಳ್ಳಿಗೆ ನಡೆದರು. ಜಗಲಿಯ ಮೇಲೆ ಕೂತು ರೈತರೊಡನೆ ಮಾತಾಡಿದರು. 1946ರ ಡಿಸೆಂಬರ್ 14ರಂದು ಕೈರಾ ಜಿಲ್ಲಾ ಸಹಕಾರಿ ಹಾಲು ಉತ್ಪಾದಕರ ಒಕ್ಕೂಟ ನೋಂದಣಿಯಾಯಿತು. 1948ರ ಜೂನ್‌ನಲ್ಲಿ ಹಾಲು ಸಂಗ್ರಹ ಆರಂಭವಾದಾಗ ಇದ್ದದ್ದು ಎರಡೇ ಹಳ್ಳಿಗಳ ಸಂಘ, ದಿನಕ್ಕೆ ಬಂದದ್ದು ಸುಮಾರು 250 ಲೀಟರ್. ಇಂದು ಗುಜರಾತಿನ ಸುಮಾರು 36 ಲಕ್ಷ ಹಾಲು ಉತ್ಪಾದಕರು ಅಮುಲ್ ವ್ಯವಸ್ಥೆಯಲ್ಲಿದ್ದಾರೆ.

ಈ ಹೊಸ ಕೊಳ್ಳುಗ ಹಳೆಯವನಿಗಿಂತ ಹೇಗೆ ಬೇರೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ದಿನಕ್ಕೆರಡು ಸಲ ಹಾಲು ತೆಗೆದುಕೊಳ್ಳುತ್ತಿದ್ದರು. ತಂದ ಹಾಲನ್ನು ಅಲ್ಲೇ ಅಳೆದು, ಕೊಬ್ಬಿನಂಶ ಪರೀಕ್ಷಿಸಿ, ಅದಕ್ಕೆ ತಕ್ಕ ದರ ಕಟ್ಟುತ್ತಿದ್ದರು. ಬೆಳಗಿನ ಹಾಲಿನ ದುಡ್ಡು ಸಂಜೆಗೆ, ಸಂಜೆಯದು ಮಾರನೆಯ ಬೆಳಿಗ್ಗೆಗೆ ಕೈ ಸೇರುತ್ತಿತ್ತು. ಯಾವ ಜಾತಿಯವರಾದರೂ ಒಂದೇ ಸಾಲು. ವರ್ಷದ ಕೊನೆಗೆ ಸಂಘಕ್ಕೆ ಲಾಭ ಉಳಿದರೆ ಹಾಕಿದ ಹಾಲಿನ ಪ್ರಮಾಣಕ್ಕೆ ತಕ್ಕಂತೆ ಬೋನಸ್. ಒಬ್ಬರಿಗೆ ಒಂದೇ ಓಟು, ಎಮ್ಮೆ ಒಂದಿರಲಿ ಹತ್ತಿರಲಿ. ಇವೆಲ್ಲ ಕೇಳಲು ಗುಮಾಸ್ತನ ನಿಯಮಗಳಂತೆ ಕಾಣುತ್ತವೆ. ಆದರೆ ಕೊಬ್ಬಿನಂಶಕ್ಕೆ ದರ ಎಂದ ಕ್ಷಣದಲ್ಲೇ ಎಮ್ಮೆಗೆ ಹಿಂಡಿ ಹಾಕುವುದು ಖರ್ಚಲ್ಲ, ಹೂಡಿಕೆ ಎಂದಾಗುತ್ತದೆ. ಹಾಲಿಗೆ ನೀರು ಬೆರೆಸುವುದು ಜಾಣತನವಲ್ಲ, ನಷ್ಟ. ದಿನವೂ ಕೈಗೆ ಕಾಸು ಬಂದರೆ ಹಿಂಡಿ ಕೊಳ್ಳಲು ಸಾಹುಕಾರನ ಮನೆಗೆ ಹೋಗಬೇಕಿಲ್ಲ. ಪೋಲ್ಸನ್‌ನ ಗುತ್ತಿಗೆದಾರನಿಗೆ ರೈತನ ಕೊಟ್ಟಿಗೆಯಲ್ಲಿ ಏನಾಗುತ್ತಿದೆ ಎಂಬುದರಿಂದ ಏನೂ ಆಗಬೇಕಿರಲಿಲ್ಲ. ಒಕ್ಕೂಟಕ್ಕೆ ಆಗಬೇಕಿತ್ತು, ಯಾಕೆಂದರೆ ಕೊಟ್ಟಿಗೆಯವನೇ ಒಕ್ಕೂಟದ ಯಜಮಾನ.

ಸರ್ಕಾರದ ಹಳೆಯ ಕ್ರೀಮರಿಯ ಒಂದು ಭಾಗವನ್ನು ಒಕ್ಕೂಟ ಬಾಡಿಗೆಗೆ ಹಿಡಿದಿತ್ತು. ಯಂತ್ರಗಳೆಲ್ಲ ಓಬೀರಾಯನ ಕಾಲದವು, ದಿನ ಬಿಟ್ಟು ದಿನ ಕೆಡುತ್ತಿದ್ದವು. ಅದೇ ಕ್ರೀಮರಿಯಲ್ಲಿ ಸರ್ಕಾರಿ ಇಂಜಿನಿಯರ್ ಆಗಿ 1949ರ ಮೇನಲ್ಲಿ ಬಂದಿಳಿದವರು ಕುರಿಯನ್. ಸರ್ಕಾರದ ಸ್ಕಾಲರ್‌ಶಿಪ್‌ಗೆ ಪ್ರತಿಯಾಗಿ ದುಡಿದು ತೀರಿಸಬೇಕಿದ್ದ ಕಾಲಾವಧಿ ಮುಗಿದರೆ ಸಾಕೆಂದು ಅವರು ದಿನ ಎಣಿಸುತ್ತಿದ್ದರು. (ಸ್ವಾರಸ್ಯವೆಂದರೆ ಅಮೆರಿಕಕ್ಕೆ ಬರುವ ಮುನ್ನ ಅವರು ಡೈರಿ ಕೆಲಸದ ತರಬೇತಿಗೆಂದು ಕೆಲವು ತಿಂಗಳು ಇದ್ದದ್ದು ನಮ್ಮ ಬೆಂಗಳೂರಿನ ಇಂಪೀರಿಯಲ್ ಸಂಸ್ಥೆಯಲ್ಲಿ. 1927ರಲ್ಲಿ ಗಾಂಧೀಜಿ ಹಸು ಸಾಕಣೆ ಕಲಿಯಲು ಹೋಗಿದ್ದೂ ಅಲ್ಲಿಗೇ.) ಯಂತ್ರ ಕೆಟ್ಟಾಗಲೆಲ್ಲ ತ್ರಿಭುವನ್‌ದಾಸರು ಈ ಯುವಕನ ಬಳಿ ಹೋಗುವರು, ಆತ ರಿಪೇರಿ ಮಾಡಿಕೊಡುವರು. ಇದು ಆಗದ ಹೋಗದ ಕೆಲಸ, ಹೊಸ ಪಾಶ್ಚರೀಕರಣ ಯಂತ್ರ ತನ್ನಿ ಎಂದು ಕುರಿಯನ್ ಒಂದು ದಿನ ಹೇಳಿದಾಗ ತ್ರಿಭುವನ್‌ದಾಸರು ತಮ್ಮ ಬಂಧುವೊಬ್ಬರಿಂದ ಸಾಲ ತಂದು ಹಣ ಹೊಂದಿಸಿದರು. ಕುರಿಯನ್ ಸರ್ಕಾರಿ ಕೆಲಸ ಬಿಟ್ಟು ಹೊರಟು ನಿಂತಾಗ ಅವರನ್ನು ಉಳಿಸಿಕೊಂಡವರೂ ಇವರೇ. 1950ರಲ್ಲಿ ಕುರಿಯನ್ ಒಕ್ಕೂಟದ ಮ್ಯಾನೇಜರ್ ಆದರು.

ಇವರಿಬ್ಬರ ಜೋಡಿಯ ಬಗ್ಗೆ ನನ್ನ ಅಭಿಪ್ರಾಯ ಹೇಳಲೇ? ಅಧ್ಯಕ್ಷರಾದವರು ಮ್ಯಾನೇಜರ್ ಕೆಲಸದಲ್ಲಿ ಕೈಹಾಕದಿರುವುದು ನಮ್ಮ ಸಹಕಾರಿ ರಂಗದಲ್ಲಿ ಅಪರೂಪ. ತ್ರಿಭುವನ್‌ದಾಸರು ಹಳ್ಳಿಯವರ ಜೊತೆ, ರಾಜಕಾರಣಿಗಳ ಜೊತೆ ವ್ಯವಹರಿಸಿದರು. ಯಂತ್ರ, ಮಾರಾಟ, ನೌಕರರ ವಿಷಯವನ್ನು ಕುರಿಯನ್‌ಗೆ ಬಿಟ್ಟರು. ತಮ್ಮ ಕಡೆಯ ಹುಡುಗರನ್ನು ಕೆಲಸಕ್ಕೆ ತುರುಕುವವರಿಂದಲೂ ಮ್ಯಾನೇಜರನ್ನು ಕಾಪಾಡಿದರು. ಹೆಸರು ಕುರಿಯನ್ ಅವರಿಗೆ ಬಂತು. ಅದರ ಬಗ್ಗೆ ಅವರಿಗೆ ಬೇಸರವಿದ್ದಂತೆ ಕಾಣುವುದಿಲ್ಲ.

ಮೊದಲ ವರ್ಷಗಳಲ್ಲೇ ಒಂದು ದೊಡ್ಡ ತೊಡಕು ಎದುರಾಯಿತು. ಎಮ್ಮೆ ಚಳಿಗಾಲದಲ್ಲಿ ಧಾರಾಳವಾಗಿ ಹಾಲು ಕೊಡುತ್ತದೆ, ಬೇಸಿಗೆಯಲ್ಲಿ ಕಡಿಮೆ. ಖೇಡಾದಲ್ಲಿ ಚಳಿಗಾಲದ ಹಾಲು ಬೇಸಿಗೆಯದರ ಎರಡರಿಂದ ಎರಡೂವರೆ ಪಟ್ಟು. ಮುಂಬಯಿಯವರು ಕುಡಿಯುವುದು ಮಾತ್ರ ವರ್ಷವಿಡೀ ಅಷ್ಟೇ. ಹಾಗಾಗಿ ಚಳಿಗಾಲದ ಹೆಚ್ಚುವರಿ ಹಾಲು ನಮಗೆ ಬೇಡ ಎನ್ನುತ್ತಿತ್ತು ಮುಂಬಯಿ. ಈಗ ಒಕ್ಕೂಟವೂ ರೈತನಿಗೆ ನಾಳೆ ಬೇಡ ಎಂದರೆ? ನಮ್ಮೂರ ಹೋಟೆಲಿನವರಿಗೂ ಅದಕ್ಕೂ ಏನು ವ್ಯತ್ಯಾಸ ಉಳಿಯಿತು? ಎರಡನೆಯ ಎಮ್ಮೆ ಕೊಂಡವನಿಗೆ ಅದರ ಹಾಲು ಹರಿಯುವ ಕಾಲದಲ್ಲೇ ಗಿರಾಕಿ ಇಲ್ಲವಾದರೆ, ಆತ ಮೂರನೆಯದರ ಮಾತು ಹಾಗಿರಲಿ, ಎರಡನೆಯದನ್ನೂ ಮಾರುತ್ತಾನೆ.

ಪರಿಹಾರ ಒಂದೇ. ಹೆಚ್ಚಿನ ಹಾಲನ್ನು ಬೆಣ್ಣೆ ಮತ್ತು ಪುಡಿ ಮಾಡಿ ಇಡಬೇಕು. ಎಮ್ಮೆ ಹಾಲಿನಿಂದ ಹಾಲಿನಪುಡಿ ಮಾಡಲಾಗದು ಎಂದು ಆಗಿನ ವಿದೇಶಿ ತಜ್ಞರು ಕೈಯಾಡಿಸಿದ್ದರು. ಅದು ಆಗುತ್ತದೆಂದು ಮಾಡಿ ತೋರಿಸಿದವರು ಎಚ್. ಎಂ. ದಲಾಯ. ಇವರೂ ಕುರಿಯನ್ ಅವರಿಗೆ ನಮ್ಮ ಮಿಚಿಗನ್ ಸ್ಟೇಟ್‌ನಲ್ಲೇ ಪರಿಚಯವಾದವರು! ಯುನಿಸೆಫ್ ಯಂತ್ರೋಪಕರಣ ಕೊಟ್ಟಿತು, ಪ್ರತಿಯಾಗಿ ಒಕ್ಕೂಟ ಜಿಲ್ಲೆಯ ಬಡಮಕ್ಕಳಿಗೆ ಉಚಿತವಾಗಿ ಹಾಲು ಕೊಡಬೇಕೆಂಬ ಕರಾರು. ನ್ಯೂಜಿಲೆಂಡ್ ಸರ್ಕಾರ ಕೊಲಂಬೋ ಯೋಜನೆಯಡಿ ನೆರವಾಯಿತು. 1954ರ ನವೆಂಬರ್‌ನಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅಡಿಗಲ್ಲು ಹಾಕಿದರು. ಒಂದು ವರ್ಷ ತುಂಬುವ ಮೊದಲೇ, 1955ರ ಅಕ್ಟೋಬರ್ 31ರಂದು, ಸರ್ದಾರರ ಹುಟ್ಟುಹಬ್ಬದ ದಿನ ನೆಹರೂ ಉದ್ಘಾಟಿಸಿದರು. ಸರ್ದಾರರು ತೀರಿಕೊಂಡು ಆಗ ಐದು ವರ್ಷವಾಗುತ್ತ ಬಂದಿತ್ತು. ಅಂದಿನಿಂದ ಖೇಡಾದ ಸಂಘಗಳು ತಂದ ಹಾಲನ್ನೆಲ್ಲ ವರ್ಷವಿಡೀ ಕೊಳ್ಳತೊಡಗಿದವು. ಆ ಕಾರ್ಖಾನೆಯನ್ನು ಸಾಮಾನ್ಯವಾಗಿ ತಂತ್ರಜ್ಞಾನದ ಗೆಲುವೆಂದು ಬಣ್ಣಿಸುತ್ತಾರೆ. ನನಗಂತೂ ಅದು ರೈತನಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಕಟ್ಟಿದ ಕಟ್ಟಡವಾಗಿ ಕಾಣುತ್ತದೆ.

ಮಾತು ಉಳಿದ ಮೇಲೆ ಉಳಿದದ್ದೆಲ್ಲ ಒಂದರ ಹಿಂದೆ ಒಂದು ಬಂತು. ಹಳ್ಳಿಗಳಿಗೆ ಪಶುವೈದ್ಯರ ಜೀಪು ಬಂತು. ಒಳ್ಳೆಯ ತಳಿಗಾಗಿ ಕೃತಕ ಗರ್ಭಧಾರಣೆ ಬಂತು; ಅದರ ಫಲ ಕಾಣಲು ಎಷ್ಟು ವರ್ಷ ಕಾಯಬೇಕೆಂದು ಆಗಲೇ ಹೇಳಿದೆನಲ್ಲ. ಕಂಜರಿಯಲ್ಲಿ ಪಶು ಆಹಾರದ ಕಾರ್ಖಾನೆ ಎದ್ದಿತು. ಮೂಟೆಯ ಬೆಲೆಯನ್ನು ಹಾಲಿನ ಬಿಲ್ಲಿನಲ್ಲಿ ಮುರಿದುಕೊಳ್ಳಬಹುದಿತ್ತು. 1964ರ ಅಕ್ಟೋಬರ್ 31ರಂದು ಆ ಕಾರ್ಖಾನೆಯ ಉದ್ಘಾಟನೆಗೆ ಬಂದ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಹಿಂದಿನ ರಾತ್ರಿ ಅಜರ್‌ಪುರ ಎಂಬ ಹಳ್ಳಿಯಲ್ಲಿ ರೈತರ ಮನೆಯಲ್ಲೇ ಉಳಿದು, ಜನರನ್ನು ತಾವೇ ವಿಚಾರಿಸಿದರು. ನೆಲ, ಮಳೆ, ಎಮ್ಮೆ ಎಲ್ಲ ಬೇರೆ ಕಡೆಯಂತೆಯೇ ಇರುವಾಗ ಇಲ್ಲಿ ಮಾತ್ರ ಹಾಲು ಹೇಗೆ ಹೆಚ್ಚಿತೆಂಬುದು ಅವರ ಕುತೂಹಲ. ಡೈರಿ ರೈತರದ್ದೇ ಆಗಿರುವುದೊಂದೇ ವ್ಯತ್ಯಾಸ ಎಂಬುದು ಮನದಟ್ಟಾಗಿ, 1965ರಲ್ಲಿ ಆನಂದ್‌ನಲ್ಲೇ ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ ಸ್ಥಾಪನೆಯಾಯಿತು.

ಎಲ್ಲರಿಗೂ ಸಮನಾಗಿ ಲಾಭವಾಯಿತು ಎಂದು ನಾನು ಹೇಳುತ್ತಿಲ್ಲ. ಹೊಲವಿದ್ದವನಿಗೆ ಬದುವಿನಲ್ಲಿ ಹುಲ್ಲು ಸಿಗುತ್ತದೆ, ಇಲ್ಲದವನು ಮೇವನ್ನೂ ಕೊಳ್ಳಬೇಕು. ಹಾಗಾಗಿ ಎರಡನೆಯ ಎಮ್ಮೆ ಮೊದಲು ಬಂದದ್ದು ಜಮೀನಿದ್ದವರ ಕೊಟ್ಟಿಗೆಗೆ. ಈ ಟೀಕೆ ಹಿಂದಿನಿಂದಲೂ ಇದೆ, ಅದರಲ್ಲಿ ಹುರುಳೂ ಇದೆ. ಆದರೂ ಒಂದೇ ಎಮ್ಮೆಯವಳಿಗೂ ಅದೇ ದರ, ಅದೇ ಅಳತೆ, ಅದೇ ದಿನ ದುಡ್ಡು ಸಿಕ್ಕಿತು ಎಂಬುದನ್ನು ಮರೆಯಲಾಗದು.

ಕೊಳ್ಳುವವನು ಕೈಬಿಟ್ಟರೆ ಏನಾಗುತ್ತದೆಂದು ತಿಳಿಯಲು ನಾವು ಗುಜರಾತಿನವರೆಗೆ ಹೋಗಬೇಕಿಲ್ಲ. ಇಲ್ಲೇ ಪಕ್ಕದ ಇಂಡಿಯಾನಾದ ಫೋರ್ಟ್ ವೇನ್‌ನಲ್ಲಿ ವಾಲ್‌ಮಾರ್ಟ್ 2018ರಲ್ಲಿ ತನ್ನದೇ ಹಾಲಿನ ಬಾಟ್ಲಿಂಗ್ ಪ್ಲಾಂಟ್ ತೆರೆಯಿತು. ಅದುವರೆಗೆ ಆ ಅಂಗಡಿಗಳಿಗೆ ಹಾಲು ಒದಗಿಸುತ್ತಿದ್ದ ಡೀನ್ ಫುಡ್ಸ್ ಆ ವರ್ಷ ಹಲವು ರಾಜ್ಯಗಳ ನೂರಕ್ಕೂ ಹೆಚ್ಚು ಡೈರಿ ಫಾರ್ಮ್‌ಗಳಿಗೆ ಮೇ ಕೊನೆಯಿಂದ ನಿಮ್ಮ ಹಾಲು ಬೇಡ ಎಂದು ಪತ್ರ ಬರೆಯಿತು. ಹಸು ಕಟ್ಟಲು ಬಾರ್ನ್, ಹಾಲು ತಂಪಾಗಿಡಲು ಟ್ಯಾಂಕು ಎಂದು ಸಾಲ ಮಾಡಿದ್ದವರಿಗೆ ಸಿಕ್ಕ ಅವಧಿ ಸುಮಾರು ಮೂರು ತಿಂಗಳು. ಒಂದು ಕಡಸು ಬೆಳೆದು ಕರು ಹಾಕಲು ಇಲ್ಲಿಯ ಹಸುಗಳಿಗೂ ಎರಡು ವರ್ಷ ಬೇಕು. ಮರುವರ್ಷ ಡೀನ್ ಫುಡ್ಸ್ ತಾನೇ ದಿವಾಳಿ ಅರ್ಜಿ ಹಾಕಿತು.

ತ್ರಿಭುವನ್‌ದಾಸರ ಮುಂದಿನ ಬದುಕನ್ನು ಬೇಗ ಹೇಳಿ ಮುಗಿಸಬಹುದು. 1963ರಲ್ಲಿ ಅವರಿಗೆ, ಕುರಿಯನ್ ಅವರಿಗೆ ಮತ್ತು ಮುಂಬಯಿಯ ಮಿಲ್ಕ್ ಕಮಿಷನರ್ ಆಗಿದ್ದ ದಾರಾ ಖುರೋಡಿ ಅವರಿಗೆ ಒಟ್ಟಾಗಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹಾಲು ಮಾರುವವರು ಮತ್ತು ಕೊಳ್ಳುವವರು ವರ್ಷಗಟ್ಟಲೆ ಜಗ್ಗಾಡಿ, ಕೊನೆಗೆ ಒಂದೇ ವೇದಿಕೆಯಲ್ಲಿ! 1964ರಲ್ಲಿ ಪದ್ಮಭೂಷಣ. 1967ರಿಂದ 1974ರವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದರು. ಗುಜರಾತ್ ಪ್ರದೇಶ ಕಾಂಗ್ರೆಸ್ಸಿನ ಅಧ್ಯಕ್ಷರೂ ಆಗಿದ್ದರು.

1970ರ ದಶಕದ ಆರಂಭದಲ್ಲಿ, ಯಾರೂ ಕೇಳದಿದ್ದರೂ, ತಾವಾಗಿಯೇ ಅಧ್ಯಕ್ಷ ಸ್ಥಾನ ಬಿಟ್ಟರು. ಹಳ್ಳಿಯ ಸಂಘಗಳ ಸದಸ್ಯರು ತಲಾ ಒಂದು ರೂಪಾಯಿಯಂತೆ ಕೂಡಿಸಿ ಅವರಿಗೆ ಹಮ್ಮಿಣಿ ಅರ್ಪಿಸಿದರು. ಅದನ್ನು ಅವರು ಮನೆಗೆ ಒಯ್ಯಲಿಲ್ಲ. ಅದೇ ಹಣದಿಂದ 1975ರಲ್ಲಿ ತ್ರಿಭುವನ್‌ದಾಸ್ ಫೌಂಡೇಶನ್ ಆರಂಭವಾಯಿತು. ತಾಯಂದಿರ ಮತ್ತು ಮಕ್ಕಳ ಆರೋಗ್ಯ ಅದರ ಕೆಲಸ. ಎಮ್ಮೆಗೆ ಕಾಯಿಲೆಯಾದರೆ ವೈದ್ಯರು ಮನೆ ಬಾಗಿಲಿಗೆ ಬರುತ್ತಾರೆ, ಎಮ್ಮೆ ಕರೆಯುವ ಹೆಂಗಸಿಗೆ ಬಸಿರಿನಲ್ಲಿ ತೊಂದರೆಯಾದರೆ ಯಾರೂ ಇಲ್ಲ ಎಂಬ ಸ್ಥಿತಿ ಆಗಿತ್ತು. ಹಾಲಿನ ಸಂಘಗಳ ಜಾಲವನ್ನೇ ಬಳಸಿ ಹಳ್ಳಿಯ ಹೆಣ್ಣುಮಕ್ಕಳನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ತರಬೇತಿಗೊಳಿಸಿದರು. ನನ್ನ ಮಟ್ಟಿಗೆ ಅವರ ಎಲ್ಲ ಪ್ರಶಸ್ತಿಗಳಿಗಿಂತ ಇದು ದೊಡ್ಡದು.

ನಮ್ಮ ಕರ್ನಾಟಕಕ್ಕೆ ಆನಂದ್ ಮಾದರಿ ಬಂದದ್ದು 1970ರ ದಶಕದ ನಡುವೆ, ವಿಶ್ವಬ್ಯಾಂಕಿನ ನೆರವಿನಲ್ಲಿ. ಮೊದಲು ಡೈರಿ ಅಭಿವೃದ್ಧಿ ನಿಗಮವಾಗಿದ್ದದ್ದು 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳಿಯಾಯಿತು. ನಂದಿನಿ ಅದರ ಮನೆಮಗಳು. ನಮ್ಮಜ್ಜಿಯ ಕರು ಬೆಳೆದು ಈದದ್ದು ಆ ಕಾಲದಲ್ಲೇ. ಖೇಡಾದ ಪಟೇಲರ ಹೆಸರನ್ನು ಅಜ್ಜಿ ಕೇಳಿರಲಿಲ್ಲ.

1994ರ ಜೂನ್ 3ರಂದು ತ್ರಿಭುವನ್‌ದಾಸರು ತೀರಿಕೊಂಡರು. 2025ರಲ್ಲಿ ಆನಂದ್‌ನ ಗ್ರಾಮೀಣ ಮ್ಯಾನೇಜ್‌ಮೆಂಟ್ ಸಂಸ್ಥೆಯನ್ನು ಮೇಲ್ದರ್ಜೆಗೇರಿಸಿ, ಸಂಸತ್ತಿನ ಕಾಯಿದೆಯ ಮೂಲಕ ಅವರ ಹೆಸರಿನಲ್ಲಿ ತ್ರಿಭುವನ್ ಸಹಕಾರಿ ವಿಶ್ವವಿದ್ಯಾಲಯ ಮಾಡಲಾಯಿತು.

ಮನೆಯಲ್ಲಿ ದೊಡ್ಡ ಮಕ್ಕಳಿದ್ದರೆ ಒಂದು ವಾರಾಂತ್ಯ ಅವರ ಜೊತೆ ಕೂತು ಶ್ಯಾಮ್ ಬೆನೆಗಲ್ ಅವರ 1976ರ ಹಿಂದಿ ಚಿತ್ರ ಮಂಥನ್ ನೋಡಿ. ಹಾಲಿನ ಸಂಘ ಕಟ್ಟಲು ಹಳ್ಳಿಗೆ ಬರುವ ಡಾಕ್ಟರಾಗಿ ನಮ್ಮ ಗಿರೀಶ್ ಕಾರ್ನಾಡ್, ಅವರ ತಂಡದಲ್ಲಿ ನಮ್ಮ ಅನಂತ್‌ನಾಗ್ ಇದ್ದಾರೆ. ಹಳೆಯ ಪ್ರತಿಯನ್ನು ಚೊಕ್ಕಗೊಳಿಸಿ 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದರು. ಆ ಚಿತ್ರಕ್ಕೆ ದುಡ್ಡು ಹಾಕಿದವರು ಯಾವ ಸೇಠ್ ಕೂಡ ಅಲ್ಲ, ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು, ತಲಾ ಎರಡು ರೂಪಾಯಿಯಂತೆ.